ಠ ಅಕ್ಷರದ ಹೊಟ್ಟೆ

ಮೇಲಿನ ಕ್ಲ್ಯಾಂಪು ಮತ್ತೆ ಕೈಬಿಟ್ಟಿತು.
ಟಪ್ಪಂತ ಒಂದು ಸದ್ದು. ಆಮೇಲೆ ಗರಗಸದ ತೋಳು
ಸುಮ್ಮನೆ ಗಾಳಿ ಅಗಿಯುತ್ತ ಮೇಲೆ ಕೆಳಗೆ.
ಬೆಳಗಿನಿಂದ ಇದು ಐದನೆಯ ಸಲ.
ಐದು ಸಲವೂ ಠ.

ಗ ಎಂದರೆ ಎರಡು ನಿಮಿಷ:
ಹೊರಗಿನಿಂದ ಬರುವ ಬ್ಲೇಡು ಹೊರಗೇ ಹೋಗುತ್ತದೆ,
ಅಂಗಳಕ್ಕೆ ಬಂದು ನೀರು ಕುಡಿದು ಹೋದವರ ಹಾಗೆ.
ಠ-ಕ್ಕೆ ಹೊಟ್ಟೆಯಿದೆ, ಬಾಗಿಲಿಲ್ಲ.
ಬೈರಿಗೆಯಲ್ಲಿ ತೂತು ಕೊರೆದು, ಬ್ಲೇಡಿನ ತಲೆ ಬಿಡಿಸಿ,
ಸೂಜಿಗೆ ನೂಲಿನಂತೆ ಪೋಣಿಸಿ,
ಮತ್ತೆ ತಲೆ ಕಚ್ಚಿಸಿ, ಬಿಗಿದು, ಉಸಿರು ಹಿಡಿದು ಒತ್ತಿದರೆ
ಟಪ್.

ಹನ್ನೆರಡು ಅಂಗನವಾಡಿಗೆ ಹನ್ನೆರಡು ವರ್ಣಮಾಲೆ.
ಸೋಮವಾರ ಕೊಡಬೇಕು.
ಇಕ್ಕಳ ಹಿಡಿದು ತಿರುಪು ತಿರುವಿದೆ, ಹಲ್ಲು ಕಚ್ಚಿ ತಿರುವಿದೆ.
ತಗಡಿನ ಸೂರಿನ ಕೆಳಗೆ ರಾಯಚೂರಿನ ಮೇ ತಿಂಗಳು,
ಬೆವರು ಪ್ಲೈವುಡ್ಡಿನ ಮೇಲೆ ತೊಟ್ಟಿಕ್ಕಿ
ಪೆನ್ಸಿಲ್ಲಿನ ಗೆರೆ ಅಳಿಸಿತು.
ಅಷ್ಟರಲ್ಲಿ ಕರೆಂಟೂ ಹೋಯಿತು.
ಶಕ್ತಿನಗರದ ಚಿಮಣಿ ಕಾಣುವಷ್ಟು ಹತ್ತಿರದಲ್ಲಿ
ಕತ್ತಲು ಇಷ್ಟು ಸಲೀಸಾಗಿ ಹೇಗೆ ಬರುತ್ತದೋ!

ಖಾಸಿಂಸಾಬ ಬಂದ, ಬಾಗಿಲ ಚೌಕಟ್ಟು ತಡವುತ್ತ.
ಮೊಹರಮ್ಮಿನ ತಾಬೂತಿಗೆ ಜಾಲರಿ ಕೊರೆದ ಮುದುಕ.
ಈಗ ಕಣ್ಣಿಗೆ ಪೊರೆ, ಬೆರಳೇ ಕಣ್ಣು.
ಬಿದ್ದ ಬ್ಲೇಡಿನ ತುದಿಯನ್ನು ಎರಡು ಬೆರಳಲ್ಲಿ ತಿಕ್ಕಿದ, ಮೂಸಿದ.
"ಹುಸೇನವ್ವಾ, ಮುಂಜಾನೆ ಮಗಳಿಗೆ ಜಡಿ ಹಾಕೀಯೇನು?"

ಹಾಕಿದ್ದೆ. ಕೊಬ್ಬರಿ ಎಣ್ಣೆ.
ಕೈ ಸೆರಗಿಗೆ ಒರೆಸಿ ಗರಗಸ ಮುಟ್ಟಿದ್ದೆ.

"ಬಿಗಿಯೂದು ಕಡೀಕ. ಮೊದ್ಲ ಒರಸು."

ಸ್ಪಿರಿಟ್ಟಿನಲ್ಲಿ ಅದ್ದಿದ ಚಿಂದಿಯಿಂದ ತುದಿಗಳನ್ನು ಒರೆಸಿದೆ.
ಉಪ್ಪುಕಾಗದದಿಂದ ಹೊಳಪು ತೆಗೆದೆ.
ತಿರುಪು ಬಿಚ್ಚಿ ಅಂಗೈಗೆ ಹಾಕಿಕೊಂಡರೆ
ಅದರ ಮೂತಿ ನಾಯಿಕೊಡೆಯಂತೆ ಅರಳಿದೆ,
ನನ್ನ ಇಕ್ಕಳದ ಸಿಟ್ಟು ಅಷ್ಟೂ ಅಲ್ಲಿ.
ಅರ ಹಿಡಿದು ಸಪಾಟು ಮಾಡುವಾಗ ಅವನು ಮಾತಾಡಲಿಲ್ಲ,
ಅರದ ಸದ್ದನ್ನಷ್ಟೇ ಕೇಳುತ್ತಿದ್ದ,
ಒಮ್ಮೆ "ಸೊಟ್ಟ ಹೊಂಟದ" ಅಂದ. ಹೊರಟಿತ್ತು.

ಕರೆಂಟು ಬಂತು.
ಹಲ್ಲು ಕೆಳಮುಖ, ತುದಿ ಕ್ಲ್ಯಾಂಪಿನ ತಳ ಮುಟ್ಟುವವರೆಗೆ, ನೆಟ್ಟಗೆ.
ತಿರುಪಿಗೆ ಬೆರಳಿನ ಬಲ ಸಾಕಾಯಿತು.
ಬ್ಲೇಡು ಮೀಟಿದೆ: ಮಬ್ಬು ಸದ್ದು.
"ಇನ್ನ ಕಾಲು ಸುತ್ತು."
ಮೀಟಿದೆ: ಟಿಣ್.
ಮುದುಕ ತಲೆ ಆಡಿಸಿದ, ಯಾರೋ ಗುರುತಿನವರು ಕೂಗಿದಂತೆ.

ಹೊಟ್ಟೆಯ ಬಿಲ್ಲೆ ಒಂದೇ ಸುತ್ತಿಗೆ ಕಳಚಿ ಬಿತ್ತು.
ಬಿಲ್ಲೆಯಿಂದ ಚುಕ್ಕೆ ಕೊಯ್ದೆ, ಕಡಲೆಕಾಳಿನಷ್ಟು.
ಅದು ಜಿಗಿದು ಹೊಟ್ಟಿನ ರಾಶಿಯಲ್ಲಿ ಮಾಯ.

ಜೋಳದ ಜರಡಿ ತಂದು ಹೊಟ್ಟು ಜಾಲಿಸುತ್ತ ಕೂತೆ.
"ಹೋಗ್ಲಿ ಬಿಡು ಕಾಕಾ, ಇಷ್ಟೇ ಇಷ್ಟು ಚುಕ್ಕಿ" ಅಂದದ್ದಕ್ಕೆ
ಅವನು ಕನ್ನಡ ಓದದವನು, ನನ್ನ ಠ-ವನ್ನು
ಬೆರಳಿನಿಂದ ಸುತ್ತ ಓದಿ, ಖಾಲಿ ಹೊಟ್ಟೆಯಲ್ಲಿ ಬೆರಳಿಟ್ಟು,
"ನಮ್ಮ ಬರವಣಿಗಿಯೊಳಗ ಚುಕ್ಕಿ ಬಿದ್ರ
ಮಾತೇ ಬ್ಯಾರೆ ಆಗ್ತದ. ನಿಮ್ದರಾಗ?"

ನೋಡಿದೆ.
ಚುಕ್ಕೆ ಬಿದ್ದ ಠ, ರ ಆಗಿತ್ತು.
ಮಠ ಅಂತ ಜೋಡಿಸಿದ ಮಗು
ಮರ ಅಂತ ಓದುತ್ತದೆ.

ಕೈಯಲ್ಲಿದ್ದದ್ದೂ ಮರವೇ. ನಗು ಬಂತು,
ಯಾಕೆಂದು ಅವನಿಗೆ ಹೇಳಲು ಹೊತ್ತು ಹಿಡಿಯಿತು.

ಮುಂದಿನ ಠ-ಕ್ಕೆ ಕಡ್ಡಿಯಷ್ಟು ಸೇತುವೆ ಬಿಟ್ಟು ಕೊಯ್ದೆ.
ಚುಕ್ಕೆ ತೂಗಿಕೊಂಡಿದೆ, ಬೀಳುವುದಿಲ್ಲ.
ಅಂದ ಸ್ವಲ್ಪ ಕೆಟ್ಟಿತು. ಮೇಲ್ವಿಚಾರಕಿ ಕೇಳಿದರೆ
ಏನು ಹೇಳಬೇಕೋ ಗೊತ್ತಿಲ್ಲ.

ಇನ್ನು ಹನ್ನೊಂದು.
ಆಮೇಲೆ ಥ ಇದೆ.